ಒಡೆಯದ ಹಾಗೆ ಹಿಡಿಯುವ ಕೈ

ಗಾಜಿನಣ್ಣನ ಕೈಯಲ್ಲಿ ಏನೂ ಒಡೆಯುವುದಿಲ್ಲ ಎಂಬುದು ಬೀದಿಗೆಲ್ಲ ಗೊತ್ತಿದ್ದ ಮಾತು. ಕಿಟಕಿಗಳಿಗೆ ಗಾಜು ಕೂರಿಸುವುದು ಅವನ ಕಸುಬು. ಆಳೆತ್ತರದ ಗಾಜನ್ನು ಎದೆಗೊತ್ತಿಕೊಂಡು ಮೆಟ್ಟಿಲು ಹತ್ತುವಾಗ ಯಾರಾದರೂ ಬಂದು ಡಿಕ್ಕಿ ಹೊಡೆದರೆ, ಅವನ ಕೈ ತಾನಾಗಿಯೇ ಹಿಂದೆ ಸರಿದು ಪೆಟ್ಟನ್ನು ನುಂಗಿಬಿಡುತ್ತಿತ್ತು. ಅಂಥ ಚಿನ್ನದಂಥ ಕೈಯೇ ಹೆಂಡತಿಗೆ ಮುಳುವಾದೀತೆಂದು ಯಾರು ಕನಸು ಕಂಡಿದ್ದರು?

ಹೆಂಡತಿ ಬಟ್ಟೆ ಹೊಲಿಯುವವಳು. ಕೆಲವು ವರ್ಷಗಳ ಹಿಂದೆ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಳು. ಪ್ಲಾಸ್ಟರ್ ಬಿಚ್ಚಿದ ಮೇಲೂ ಹೊಲಿಗೆ ಮಿಷನ್ನಿನ ಪೆಡಲ್ ತುಳಿಯಲು ಹೆದರುತ್ತಿದ್ದಳು. ಕಾಲಿಗೆ ಬಲ ಬರಲೆಂದು ಪಕ್ಕದ ಬೀದಿಯ ಕರಾಟೆ ಶಾಲೆಗೆ ಸೇರಿದವಳು, ನೋಡಿ, ಅಲ್ಲೇ ಬೇರು ಬಿಟ್ಟಳು! ಐವತ್ತರ ಹೆಂಗಸು ಒದೆಯುವುದನ್ನು ಕಲಿಯಲು ಹೋಗುತ್ತಾಳೆಂದು ನಾದಿನಿ ಬಿದ್ದು ಬಿದ್ದು ನಕ್ಕಳು. ನಗಲಿ ಬಿಡಿ, ಅವಳಿಗೇನು ಗೊತ್ತು.

ಈಗ ಬ್ಲ್ಯಾಕ್ ಬೆಲ್ಟಿನ ಪರೀಕ್ಷೆ ಬಂದಿತ್ತು. ಹಾರಿ, ಗಾಳಿಯಲ್ಲೇ ತಿರುಗಿ, ಹಿಮ್ಮಡಿಯಿಂದ ಹಲಗೆ ಮುರಿಯಬೇಕು. ಹಲಗೆ ಹಿಡಿಯುವವರನ್ನು ಪರೀಕ್ಷೆ ಕೊಡುವವರೇ ಆರಿಸಿಕೊಳ್ಳುವುದು ಆ ಶಾಲೆಯ ಪದ್ಧತಿ. ಅವಳು ಗಂಡನನ್ನೇ ಕರೆದಳು. ಅಭ್ಯಾಸದಲ್ಲಿ ಎಷ್ಟು ಒದ್ದರೂ ಹಲಗೆ ಮುರಿಯಲೊಲ್ಲದು, ಹಿಮ್ಮಡಿ ಮಾತ್ರ ಊದಿಕೊಂಡಿತು.

ಕಲಿಸುವ ಹುಡುಗಿ ನೋಡಿ ಹೇಳಿದಳು: "ಒದೆತ ಸರಿಯಾಗೇ ಇದೆ. ಅಣ್ಣಾ, ನೀವು ಕೈ ಹಿಂದಕ್ಕೆ ತಗೋತಿದ್ದೀರ. ಹಲಗೆ ಗಟ್ಟಿಯಾಗಿ ನಿಂತ್ರೆ ಮುರಿಯುತ್ತೆ. ಸರಿದ್ರೆ ಏಟೆಲ್ಲ ಅಕ್ಕನ ಕಾಲಿಗೇ."

ಮನೆಯಲ್ಲಿ ಅವನು ಹೆಂಡತಿಯ ಹಿಮ್ಮಡಿಗೆ ಐಸ್ ಒತ್ತುತ್ತಾ ಹೇಳಿದ: "ಬೇರೆ ಯಾರನ್ನಾದ್ರೂ ಕರ್ಕೊಳ್ಳೇ. ನೀನು ಹಾರಿದ್ರೆ ಸಾಕು, ಅವತ್ತು ಬಿದ್ದಿದ್ದೇ ಕಣ್ಮುಂದೆ ಬರುತ್ತೆ."

"ಅದಕ್ಕೇ ನೀವೇ ಬೇಕು. ನನ್ನ ಕಾಲು ನೆಟ್ಟಗಾಗಿದೆ ಅಂತ ಊರಿಗೆಲ್ಲ ಗೊತ್ತು, ನಿಮಗೊಬ್ಬರಿಗೆ ಗೊತ್ತಿಲ್ಲ. ಈಗಲೂ ಮೆಟ್ಟಿಲು ಕಂಡ್ರೆ ನನ್ನ ಮೊಣಕೈ ಹಿಡ್ಕೋತೀರ. ನಾನು ಗಾಜಲ್ಲ ಕಣ್ರೀ."

ಅವನು ಐಸ್ ಚೀಲವನ್ನು ಇನ್ನಷ್ಟು ಮೆಲ್ಲಗೆ ಒತ್ತಿದ.

ಪರೀಕ್ಷೆಯ ದಿನ ಅವಳು ಹಾರಿದಳು, ತಿರುಗಿದಳು, ಒದ್ದಳು. ಹಾಳಾದ ಕೈ ಮತ್ತೆ ಸರಿಯಿತು! ಅವಳು ತುಟಿ ಕಚ್ಚಿ ಕುಂಟಿದಳು. ಉಳಿದದ್ದು ಒಂದೇ ಅವಕಾಶ. ಹಲಗೆ ಹಿಡಿಯಲು ಇನ್ನೊಬ್ಬ ಮುಂದೆ ಬಂದಾಗ ಅವಳು ತಲೆಯಾಡಿಸಿ ಬೇಡವೆಂದಳು, ಗಂಡನ ಮುಖವನ್ನೇ ನೋಡುತ್ತಾ ನಿಂತಳು.

ಗಾಜಿನಣ್ಣ ಕಾಲನ್ನು ಅಗಲಕ್ಕೆ ಊರಿದ, ಮೊಣಕೈ ಬಿಗಿದ, ಇಷ್ಟು ದಿನ ಮುಚ್ಚಿಕೊಳ್ಳುತ್ತಿದ್ದ ಕಣ್ಣನ್ನು ತೆರೆದೇ ಇಟ್ಟ. "ಬಾರೇ," ಎಂದ.

ಅವಳು ಹಾರುವುದನ್ನು ಅವನು ನೆಟ್ಟಗೆ ನೋಡಿದ್ದು ಅದೇ ಮೊದಲು. ಎಷ್ಟು ಚೆಂದ ಹಾರುತ್ತಾಳೆ ಇವಳು, ಅಂದುಕೊಳ್ಳುವಷ್ಟರಲ್ಲಿ ಹಲಗೆ ಅವನ ಕೈಯಲ್ಲೇ ಫಟ್ಟೆಂದು ಎರಡಾಯಿತು.

ಅಷ್ಟು ಜನರ ಮುಂದೆ ಅವನು ಮೊಣಕಾಲೂರಿ ಕೂತು ಅವಳ ಹಿಮ್ಮಡಿ ತಿರುಗಿಸಿ ತಿರುಗಿಸಿ ನೋಡಿದ. "ಏನೂ ಆಗಿಲ್ಲ, ಏಳ್ರೀ, ಮರ್ಯಾದೆ ಹೋಗುತ್ತೆ," ಎಂದು ಅವಳು ನಗುತ್ತಲೇ ಕಣ್ಣೊರೆಸಿಕೊಂಡಳು.

ಮನೆಗೆ ಹೊರಟಾಗ ಅವನು ಎರಡೂ ತುಂಡುಗಳನ್ನು ಗಾಜಿನ ಹಾಗೆ ಎರಡು ಕೈಯಲ್ಲೂ ಎದೆಗೊತ್ತಿಕೊಂಡಿದ್ದ, ಕಣ್ಣು ಬೇರೆ ಮಂಜಾಗಿತ್ತು. ಮೆಟ್ಟಿಲು ಬಂತು.

"ಹುಷಾರು ಕಣ್ರೀ," ಎಂದು ಅವಳು ಅವನ ಮೊಣಕೈ ಹಿಡಿದುಕೊಂಡಳು.