ಟವೆಲ್ಲಿನ ಕೆಳಗೆ ಕೊಟ್ಟ ಉತ್ತರ

ಮೂರು ವರ್ಷದ ಹಿಂದೆ, ದೀಪಾವಳಿ ಮುಗಿದ ವಾರ. ಗಂಟಲಿನ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಮಾತು ಕಳೆದುಕೊಂಡಿದ್ದ ಗೆಳೆಯ ಲಗಮಣ್ಣನನ್ನು ತಪಾಸಣೆಗೆಂದು ಬೈಕಿನ ಮೇಲೆ ಕುಲಗೋಡದಿಂದ ಗೋಕಾಕಕ್ಕೆ ಕರೆದೊಯ್ದಿದ್ದೆ. ನಾವಿಬ್ಬರೂ ಎತ್ತಿನ ದಲಾಲರು. ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು, ಅವನು ಸಾಲಿಯ ಮುಖವನ್ನೇ ಕಂಡವನಲ್ಲ. ಸಂತೆಯಲ್ಲೇ ಕಲಿತು, ಸಂತೆಯಲ್ಲೇ ದುಡಿದು ಮನೆ ಕಟ್ಟಿಕೊಂಡೆವು.

ಹೊರಡುವಾಗ ಅವನ ಹೆಂಡತಿ ಕಾಶವ್ವ ನನ್ನನ್ನು ಬಾಜೂಕ್ಕೆ ಕರೆದಳು. ಯುಗಾದಿ ದಾಟುವುದು ಕಷ್ಟ ಎಂದು ಡಾಕ್ಟರು ನಮ್ಮಿಬ್ಬರಿಗೆ ಮಾತ್ರ ಹೇಳಿದ್ದರು.

"ಅಣ್ಣಾರ, ಅವ್ರ ಮುಂದ ಬಾಯಿ ಬಿಡಬ್ಯಾಡ್ರಿ. ತಿಳದ್ರ ಅವತ್ತ ಎದಿ ಒಡಕೊಂಡು ಕುಂಡ್ರತಾರ," ಎಂದಳು. ಬಾಯಿ ಬಿಡುವುದಿಲ್ಲವೆಂದು ಆಣೆ ಮಾಡಿದೆ.

ತಪಾಸಣೆ ಮುಗಿಸಿ ವಾಪಸು ಬರುವಾಗ, ಗುಡ್ಡದ ಕಾಡಿನ ಹತ್ತಿರ ಲಗಮಣ್ಣ ಭುಜ ತಟ್ಟಿ ಗಾಡಿ ನಿಲ್ಲಿಸಿದ. ಇಳಿದವನೇ ಕಾಲುದಾರಿ ಹಿಡಿದ. ನಾನೂ ಹಿಂದೆ ನಡೆದೆ. ಎಷ್ಟೋ ವರ್ಷ ಆ ಗುಡ್ಡದ ಬುಡದಲ್ಲಿ ಎತ್ತು ಹೊಡೆದುಕೊಂಡು ಹೋಗಿದ್ದೇವೆ, ಒಮ್ಮೆಯೂ ಒಳಗೆ ಹೋದವರಲ್ಲ. ಮಳೆ ನಿಂತು ಹುಲ್ಲು ಸೊಂಟದ ಮಟ್ಟ ಬೆಳೆದು ಹಳದಿಯಾಗಿತ್ತು. ತೇಗದ ಎಲೆಗಳನ್ನು ಹುಳ ತಿಂದು ಜರಡಿ ಮಾಡಿದ್ದವು. ಲಗಮಣ್ಣ ಅಂಥದೊಂದು ಎಲೆಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ. ನನಗೆ ಕಂಡದ್ದು ಮೇವು. ಈ ಹುಲ್ಲನ್ನು ಈಗ ಕೊಯ್ದರೆ ದನ ತಿಂದೀತು, ತಡಮಾಡಿದರೆ ಬರೀ ಕಡ್ಡಿ ಎಂದೆ. ಅಲ್ಲೇ ಗಿಡದಿಂದ ಸೀತಾಫಲ ಕಿತ್ತು ತಂದು ಕೊಟ್ಟೆ. ಸೀತಾಫಲ ಕೊಳ್ಳುವವರಿಗೂ ಹೇಳಿಬಿಡುತ್ತೇನೆ, ಸಿಪ್ಪೆಯ ಮೇಲಿನ ಕಣ್ಣುಗಳ ಸಂದು ಬೆಳ್ಳಗಾದ ಕಾಯನ್ನೇ ಆರಿಸಿ, ಮೋಸವಿಲ್ಲ. ಅವನು ನುಂಗಲಾರ. ಮೂಸಿ ನೋಡಿ ಕಿಸೆಯಲ್ಲಿಟ್ಟುಕೊಂಡ.

ದಣಿದು ಒಂದು ಬಂಡೆಯ ಮೇಲೆ ಕೂತೆವು. ಅವನು ಹೆಗಲ ಟವೆಲ್ ತೆಗೆದು ನನ್ನ ಕೈ ಮೇಲೆ ಹಾಸಿ, ಅದರೊಳಗೆ ತನ್ನ ಕೈ ಸೇರಿಸಿದ.

ಎತ್ತಿನ ಸಂತೆಯಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಎಷ್ಟು ಬೆರಳು ಹಿಡಿದರೆ ಅಷ್ಟು ಸಾವಿರ, ಬೆರಳಿನ ನಡುಗೆಣ್ಣು ಹಿಡಿದರೆ ಅರ್ಧ. ಒಪ್ಪಿಗೆಯಾದರೆ ಎದುರಿನವನು ಕೈ ಅದುಮುತ್ತಾನೆ. ಅಲ್ಲಿ ಒಪ್ಪಿ ತಪ್ಪಿದವನ ಕೈಯನ್ನು ಮತ್ತೆ ಯಾರೂ ಹಿಡಿಯುವುದಿಲ್ಲ.

ಲಗಮಣ್ಣ ಇನ್ನೊಂದು ಕೈಯಿಂದ ತನ್ನ ಗಂಟಲು ತೋರಿಸಿದ, ಆಮೇಲೆ ಮೇಲೆ ಆಕಾಶ ತೋರಿಸಿದ. ಟವೆಲ್ಲಿನ ಕೆಳಗೆ ನನ್ನ ಐದೂ ಬೆರಳು ಹಿಡಿದ. ಐದು ವರ್ಷ ಇರುತ್ತೇನೆಯೇ ಎಂದು ಕೇಳುತ್ತಿದ್ದ.

"ಏ ಹುಚ್ಚಾ, ಇಲ್ಲೇನ ಯಾಪಾರ ಹಚ್ಚಿದಿ? ಏಳ, ಹೊತ್ತಾಗೈತಿ," ಎಂದೆ.

ಕೈ ಬಿಡಲಿಲ್ಲ. ಎರಡು ಬೆರಳು ಹಿಡಿದ. ನಾನು ಅದುಮಲಿಲ್ಲ. ಒಂದು ಹಿಡಿದ. ನನ್ನ ಮುಖ ನೋಡುತ್ತಲೇ ಇದ್ದ. ಕೊನೆಗೆ ಮೆಲ್ಲಗೆ ತೋರುಬೆರಳಿನ ನಡುಗೆಣ್ಣಿಗೆ, ಅರ್ಧ ವರ್ಷಕ್ಕೆ ಬಂದ. ಆಣೆಯಂತೆ ನಾನು ಬಾಯಿ ಬಿಡಲಿಲ್ಲ. ಕೈ ಅದುಮಿದೆ.

ದರ ಕುದುರಿದಾಗ ಮಾಡುವಂತೆ ಗೋಣು ಹಾಕಿದ. ಟವೆಲ್ಲಿನಿಂದ ಮುಖ ಒರೆಸಿಕೊಂಡು ಎದ್ದ. ರಸ್ತೆಗೆ ಇಳಿಯುತ್ತಾನೆಂದು ನಾನು ಅಂದುಕೊಂಡರೆ, ಅವನು ಇನ್ನೂ ಮೇಲಕ್ಕೆ ಹತ್ತಿದ. ದೂರದಲ್ಲಿ ಘಟಪ್ರಭೆ ಕಾಣುವ ಕಡೆ ನಿಂತ. ಎಲೆ ಉದುರುವ ಸಪ್ಪಳ ಬಿಟ್ಟರೆ ಬೇರೇನೂ ಇರಲಿಲ್ಲ. ನಾನೂ ಹತ್ತಿ ಹೋಗಿ ಅವನ ಬಾಜೂಕ್ಕೆ ನಿಂತೆ.

ಶಿವರಾತ್ರಿಯ ಸುಮಾರಿಗೆ ಅವನು ಹೋದ. ಅಲ್ಲಿಯವರೆಗೆ ಮನೆಯಲ್ಲಿ ಏನನ್ನೂ ತೋರಗೊಡಲಿಲ್ಲ. ಮುಂದಿನ ದೀಪಾವಳಿಗೆ ಹೊಸ ಧೋತರ ತರೋಣ ಎಂದು ಕಾಶವ್ವ ನಕ್ಕರೆ, ತಾನೂ ನಕ್ಕು ತಲೆಯಾಡಿಸುತ್ತಿದ್ದ.

ಅವನ ದಿನಕಾರ್ಯ ಮುಗಿದ ಮೇಲೆ ಅವಳೇ ಕೇಳಿದಳು, "ಖರೆ ಹೇಳ್ರಿ ಅಣ್ಣಾರ, ಅವ್ರಿಗೆ ಗೊತ್ತಿತ್ತೇನು?"

ಗುಡ್ಡದಲ್ಲಿ ನಡೆದದ್ದನ್ನು ಹೇಳಿದೆ. ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ಇಷ್ಟೇ ಅಂದಳು, "ಹಂಗಾದ್ರ ಅವ್ರು, ನಾ ದಿನಾ ಸುಳ್ಳ ನಕ್ಕೋತ ಅಡ್ಡಾಡೂದನ್ನ ನೋಡಿಕೋತ ಕುಂತಿದ್ರಲ್ರಿ."

ಇಂಥ ಕಾಯಿಲೆ ಮನೆಗೆ ಬಂದವರಿಗೆ ಈಗ ಇಷ್ಟು ಹೇಳುತ್ತೇನೆ. ಒಬ್ಬರಿಗೆ ತಿಳಿದರೆ ಅದೇ ದಿನ ಇನ್ನೊಬ್ಬರಿಗೂ ತಿಳಿಸಿಬಿಡಿ. ಕೂಡಿ ಅಳುವುದಕ್ಕೂ ಗಂಡಹೆಂಡಿರಿಗೆ ಒಂದಿಷ್ಟು ವೇಳೆ ಬೇಕು.