ಇಲಿಮನೆಯ ದೊಡ್ಡಮ್ಮ

ನಮ್ಮ ದೊಡ್ಡಮ್ಮ ಇಪ್ಪತ್ತೆರಡು ವರ್ಷ ಪ್ರಯೋಗಾಲಯದ ಇಲಿಗಳ ಪೆಟ್ಟಿಗೆ ತೊಳೆದು, ಮರದ ಹೊಟ್ಟು ಹಾಸಿದವಳು. ಅಲ್ಲಿನ ವಿಜ್ಞಾನಿ ಮಹಾಶಯ ಆ ಕೋಣೆಗೆ ಕಾಲಿಟ್ಟದ್ದು ಫೋಟೊ ತೆಗೆಸಿಕೊಳ್ಳಲು ಮಾತ್ರ, ಅದೂ ಮೂಗು ಮುಚ್ಚಿಕೊಂಡು. ತನ್ನ ಕುಲಾಂತರಿ ಇಲಿಗಳ ಕರುಳಿನಲ್ಲಿ ಸಾಧಾರಣ ಇಲಿಗಳಲ್ಲಿಲ್ಲದ ಬ್ಯಾಕ್ಟೀರಿಯಾ ಇವೆ, ಅವುಗಳಿಂದ ರೋಗನಿರೋಧಕ ಕಣಗಳು ಕೆರಳುತ್ತವೆ, ಎಲ್ಲಕ್ಕೂ ತಾನು ಬದಲಿಸಿದ ಜೀನೇ ಕಾರಣ ಎಂದು ಊರೆಲ್ಲ ಡಂಗುರ ಸಾರಿದ್ದ.

ಒಮ್ಮೆ ಪೆಟ್ಟಿಗೆ ಸಾಲದೆ ದೊಡ್ಡಮ್ಮ ಕುಲಾಂತರಿ ಇಲಿಗಳನ್ನೂ ಸಾಧಾರಣ ಇಲಿಗಳನ್ನೂ ಒಟ್ಟಿಗೆ ಬಿಟ್ಟಳು. ತಿಂಗಳಾದ ಮೇಲೆ ಪರೀಕ್ಷೆ ಮಾಡಿದರೆ ಎಲ್ಲದರ ಕರುಳಿನಲ್ಲೂ ಒಂದೇ ಬ್ಯಾಕ್ಟೀರಿಯಾ! ವಿಜ್ಞಾನಿ ಹಾರಾಡಿದ.

"ನನ್ನ ಪ್ರಯೋಗಾನೇ ಹಾಳು ಮಾಡಿದ್ಯಲ್ಲಮ್ಮ!"

"ಒಂದು ಇಲಿ ಹಿಕ್ಕೆ ಇನ್ನೊಂದು ತಿನ್ನುತ್ತೆ ಸಾರ್. ಬ್ಯಾಕ್ಟೀರಿಯಾನೂ ಅದರ ಜೊತೆಗೇ ಹೊಟ್ಟೆಗೆ ಹೋಗುತ್ತೆ. ನೀವು ಬೇರೆ ಬೇರೆ ಪೆಟ್ಟಿಗೇಲಿ ಇಟ್ಟಿದ್ರಿ, ಅದಕ್ಕೇ ಬೇರೆ ಕಾಣ್ತಿತ್ತು. ಜೀನ್‌ದೇನೂ ಇಲ್ಲ."

"ಕಸ ಬಳಿಯೋಳಿಂದ ನಾನು ಕಲೀಬೇಕಾ?"

ಮರುವರ್ಷ ಅವನ ಹೊಸ ಲೇಖನ ಬಂತು. ಇಲಿಗಳು ಪರಸ್ಪರ ಹಿಕ್ಕೆ ತಿನ್ನುವುದರಿಂದಲೇ ಫಲಿತಾಂಶ ಕೆಡುತ್ತದೆಂದು ಮೊದಲು ಕಂಡುಕೊಂಡವನು ಅವನೇ ಅಂತೆ. ನಾನು ಓದಿ ಹೇಳಿದೆ. ದೊಡ್ಡಮ್ಮ ಬಟ್ಟೆಗೆ ಅಂಟಿದ್ದ ಹೊಟ್ಟು ಕೊಡವಿಕೊಂಡಳು.

"ಇನ್ನೊಬ್ರು ಹಾಕಿದ್ದನ್ನ ತಿನ್ನೋದು ಇಲಿ ಮಾತ್ರ ಅಂದ್ಕೊಂಡಿದ್ಯಾ?"