ಉಜ್ಜಿದರೂ ಹೋಗದ ಪಾಚಿ

ನನಗೆ ಹಲ್ಲುಜ್ಜುವುದನ್ನು ಕಲಿಸಿದ್ದು ಮದುವೆಯಾದ ಮೇಲೆ. ಇಪ್ಪತ್ತೆರಡು ವರ್ಷದವಳಿಗೆ, ಬಿ.ಎ. ಮುಗಿಸಿದವಳಿಗೆ, ಬಚ್ಚಲ ಮುಂದೆ ನಿಲ್ಲಿಸಿ ಕಲಿಸಿದರು! ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ನನ್ನ ತವರು ಪಾವಗಡದ ಆಚೆ, ರಾಯಚರ್ಲು ಕಡೆಯ ಒಂದು ಹಳ್ಳಿ. ಅಲ್ಲಿ ಎಲ್ಲರ ಹಲ್ಲಿನ ಮೇಲೂ ಕಂದು ಗೆರೆಗಳಿರುತ್ತಿದ್ದವು. ಅಪ್ಪನಿಗೆ, ಅಮ್ಮನಿಗೆ, ಪಕ್ಕದ ಮನೆಯವರಿಗೆ, ನನಗೆ. ಚಿಕ್ಕವರಿದ್ದಾಗ ಹಲ್ಲು ಹುಟ್ಟುವುದೇ ಹಾಗೆ ಅಂದುಕೊಂಡಿದ್ದೆವು. ಹಲ್ಲುಜ್ಜದಿದ್ದರೆ ಯಾವತ್ತೂ ಕಾಫಿ ಕೊಟ್ಟವಳಲ್ಲ ನಮ್ಮಮ್ಮ. ಸಿರಾದಿಂದ ಹೆಣ್ಣು ನೋಡಲು ಬಂದ ದಿನ ಮಾತ್ರ ಸೋದರತ್ತೆ ಕಿವಿಯ ಹತ್ತಿರ ಬಗ್ಗಿ, "ನಗಬ್ಯಾಡ ಕಣಮ್ಮಾಯ್, ತಲೆ ಬಗ್ಗಿಸ್ಕೊಂಡು ಕೂತ್ಕೋ" ಅಂದಳು. ಬಾಯಿ ಬಿಗಿದುಕೊಂಡು ಕೂತೆ. ಬಂದವರು ಹುಡುಗಿ ಬಹಳ ನಾಚಿಕೆಯವಳು ಎಂದು ಮೆಚ್ಚಿಕೊಂಡು ಹೋದರು.

ಆ ನಾಚಿಕೆ ಮದುವೆಯಾದ ಮೂರೇ ದಿನಕ್ಕೆ ಮುಗಿಯಿತು. ನಾದಿನಿ ಏನೋ ತಮಾಷೆ ಮಾಡಿದಳು, ನಾನು ಬಾಯ್ತುಂಬ ನಕ್ಕುಬಿಟ್ಟೆ. ಹುಣಸೆಹಣ್ಣು ಬಿಡಿಸುತ್ತಿದ್ದ ಅತ್ತೆ ಕೈ ನಿಲ್ಲಿಸಿದರು.

"ಅಯ್ಯೋ ಶಿವನೇ, ಏನೇ ಅದು? ಇಷ್ಟೊಂದು ಪಾಚಿ ಕಟ್ಕೊಂಡೈತೆ! ನಿಮ್ಮಮ್ಮ ಹಲ್ಲುಜ್ಜೋದ್ ಕಲಿಸ್ಲಿಲ್ವೇನೆ ನಿಂಗೆ?"

ಪಾಚಿ ಅಂದರೆ ಕೊಳೆ. ಕೊಳೆಯಾದರೆ ಉಜ್ಜಿದರೆ ಹೋಗಬೇಕು, ಹೋಗಲಿಲ್ಲ ಅಂದರೆ ಉಜ್ಜುವವಳು ಸೋಮಾರಿ. ಅತ್ತೆಗೆ ಇದಕ್ಕಿಂತ ಸರಳವಾದ ವಿಷಯ ಬೇರೆ ಇರಲಿಲ್ಲ. ಮಾರನೆಯ ಬೆಳಿಗ್ಗೆ ಅಂಗಡಿಯಿಂದ ಎಲ್ಲಕ್ಕಿಂತ ಗಟ್ಟಿ ಎಳೆಯ ಬ್ರಷ್ ತರಿಸಿದರು. ಮೊದಲು ಪೇಸ್ಟು, ಆಮೇಲೆ ಇದ್ದಿಲು ಪುಡಿ, ಆಮೇಲೆ ಉಪ್ಪು, ವಾರಕ್ಕೆರಡು ಸಲ ನಿಂಬೆಸಿಪ್ಪೆ. ಪಕ್ಕದಲ್ಲೇ ನಿಂತು, "ಇನ್ನೂ ಜೋರಾಗಿ ಉಜ್ಜೇ, ಪಾತ್ರೆ ಹೆಂಗೆ ಉಜ್ತೀಯ, ಅಂಗೆ" ಅನ್ನುತ್ತಿದ್ದರು. ಉಗುಳಿದರೆ ಕೆಂಪಗೆ ಬರುತ್ತಿತ್ತು. "ಕೆಟ್ಟ ರಕ್ತ, ಹೋಗ್ಲಿ ಬುಡು" ಅನ್ನುತ್ತಿದ್ದರು.

ಅವರು ಕೆಟ್ಟವರಲ್ಲ, ನನ್ನ ಕಷ್ಟವೇ ಅದು. ಬಿಸಿ ಮುದ್ದೆ ಮೊದಲು ನನ್ನ ತಟ್ಟೆಗೇ ಬೀಳುತ್ತಿತ್ತು. ಕೆಟ್ಟವರಾಗಿದ್ದಿದ್ದರೆ ಒಂದು ದಿನ ಚೆನ್ನಾಗಿ ಜಗಳವಾಡಿ ಹಗುರಾಗುತ್ತಿದ್ದೆ. ಗಂಡನಿಗೆ ಹೇಳಿದರೆ, "ನಿನ್ನ ಒಳ್ಳೇದಕ್ಕೇ ಅಲ್ವಾ ಹೇಳ್ತಿರೋದು?" ಎಂದು ಪೇಪರ್ ಮಡಚಿಟ್ಟು ಸ್ನಾನಕ್ಕೆ ಹೋದರು.

ಈ ಕಂದು ಗೆರೆ ನಮ್ಮೂರಿನ ನೀರಿನ ಕೆಲಸ ಎಂದು ಕಾಲೇಜಿನಲ್ಲೇ ಕೇಳಿದ್ದೆ. ಬಾಯಿಬಿಟ್ಟು ಹೇಳುವುದು ಹೇಗೆ? ಇದು ಹೋಗದ ಕಲೆ ಎಂದರೆ, ಗೊತ್ತಿದ್ದೂ ಮುಚ್ಚಿಟ್ಟು ಮದುವೆ ಮಾಡಿದರು ಎಂದು ಅಪ್ಪನ ತಲೆಗೆ ಬರುತ್ತದೆ. ಹೋಗುವ ಕೊಳೆ ಎಂದು ಒಪ್ಪಿಕೊಂಡರೆ, ಮಗಳಿಗೆ ಹಲ್ಲುಜ್ಜಲೂ ಕಲಿಸದ ಹೊಲಸು ಹೆಂಗಸು ನಮ್ಮಮ್ಮ. ಎರಡರ ನಡುವೆ ಸಿಕ್ಕಿಕೊಂಡು ನಾಲ್ಕು ವರ್ಷ ಉಜ್ಜಿದೆ. ಯಾರಾದರೂ ಮಾತಾಡಿಸಿದರೆ ಕೈ ತಾನಾಗಿ ಬಾಯಿಗೆ ಹೋಗುತ್ತಿತ್ತು. ಮಗಳು ಹುಟ್ಟಿ ಮೊದಲ ಸಲ ನನ್ನ ಮುಖ ನೋಡಿ ನಕ್ಕಾಗಲೂ ಬಾಯಿ ಮುಚ್ಚಿಕೊಂಡೇ ನಕ್ಕೆ. ಥೂ, ಎಂಥ ಬಾಳು!

ಕೊನೆಗೆ ತಣ್ಣೀರು ಕುಡಿದರೆ ನೆತ್ತಿಗೆ ಹೊಡೆದಂತಾಗತೊಡಗಿ, ಸಿರಾದಲ್ಲೇ ಹಲ್ಲಿನ ಡಾಕ್ಟರ ಹತ್ತಿರ ಹೋದೆವು. ಜೊತೆಗೆ ಅತ್ತೆಯೂ ಬಂದರು.

"ಎಷ್ಟು ಉಜ್ಜಿದ್ರೂ ಪಾಚಿ ಹೋಗ್ತಿಲ್ಲ ನೋಡಿ ಡಾಕ್ಟ್ರೇ. ನೀವಾದ್ರೂ ಸ್ವಲ್ಪ ಗದರಿಸಿ ಹೇಳಿ."

ಡಾಕ್ಟರು ನನ್ನ ಬಾಯೊಳಗೆ ಬೆಳಕು ಬಿಟ್ಟು ನೋಡಿದರು. "ತವರು ಯಾವ ಕಡೆಯಮ್ಮ?" ಅಂದರು. ಹೇಳಿದೆ. ಅವರು ಅತ್ತೆಯ ಕಡೆ ತಿರುಗಿದರು.

"ಇದು ಪಾಚಿ ಅಲ್ಲಮ್ಮ. ಚಿಕ್ಕ ವಯಸ್ಸಲ್ಲಿ ಕುಡಿದ ಬೋರ್‌ವೆಲ್ ನೀರಿನ ಫ್ಲೋರೈಡು. ಹಲ್ಲು ಒಳಗೆ ಬೆಳೆಯೋವಾಗಲೇ ಸೇರಿಕೊಂಡಿರೋದು, ಉಜ್ಜಿದ್ರೆ ಹೋಗಲ್ಲ. ನೀವು ಉಜ್ಜಿಸಿ ಉಜ್ಜಿಸಿ ಹಲ್ಲನ್ನೇ ಸವೆಸಿದ್ದೀರ, ವಸಡು ಮೇಲಕ್ಕೆ ಹೋಗಿದೆ."

ಆಮೇಲೆ ಪ್ಲಾಸ್ಟಿಕ್ ದವಡೆಯೊಂದನ್ನು ಕೈಯಲ್ಲಿ ಹಿಡಿದು ತೋರಿಸಿದರು. ಮೆತ್ತನೆಯ ಬ್ರಷ್. ಬಟಾಣಿಯಷ್ಟು ಪೇಸ್ಟ್ ಸಾಕು. ಹಲ್ಲು, ವಸಡು ಸೇರುವ ಕಡೆ ಓರೆಯಾಗಿ ಇಟ್ಟು, ಸಣ್ಣಗೆ ಸುತ್ತಿಸುತ್ತ, ಒಳಗೂ ಹೊರಗೂ ಎರಡು ನಿಮಿಷ. ಬೆಳಿಗ್ಗೆ ಒಂದು ಸಲ, ಮಲಗುವ ಮುಂಚೆ ಒಂದು ಸಲ. ಬಾಯಿ ವಾಸನೆ ಬರಬಾರದೆಂದರೆ ನಾಲಿಗೆಯನ್ನೂ ಮೆಲ್ಲಗೆ ಕೆರೆಯಬೇಕು. ಇದ್ದಿಲು, ಉಪ್ಪು, ನಿಂಬೆ ಯಾವುದೂ ಬೇಡ. ನನಗೆ ಅಳು ಬಂತು. ನಾಲ್ಕು ವರ್ಷದಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಸೋಮಾರಿ ಅನ್ನಲಿಲ್ಲ.

ಆಟೋ ಮನೆ ಹತ್ತಿರ ಬಂದಾಗ ಅತ್ತೆ ನನ್ನ ಕೈ ಹಿಡಿದು, "ತಪ್ಪಾಯ್ತು ಕಣೆ" ಅಂದರು. ಸಂತೋಷಪಡಲು ನನಗೆ ಅರ್ಧ ನಿಮಿಷವೂ ಸಿಗಲಿಲ್ಲ. "ಆದ್ರೆ ಒಂದ್ ಮಾತು. ನಮ್ ಮಗೂನ ಆ ನೀರಿಗೆ ಕರ್ಕೊಂಡ್ ಹೋಗ್ಬ್ಯಾಡ" ಅಂದರು. ಆಗ ಮಗಳಿಗೆ ಎರಡು ವರ್ಷ.

ಒಪ್ಪಿಕೊಂಡೆ. ಡಾಕ್ಟರ ಮಾತೇ ತಾನೆ. ಅದಕ್ಕಿಂತ ಹೆಚ್ಚಾಗಿ, ನನಗೇ ಹೆದರಿಕೆ. ನನ್ನ ಮಗಳು ಕೈಯಡ್ಡ ಹಿಡಿದುಕೊಂಡು ನಗಬಾರದು, ಅಷ್ಟೇ. ದಿನಾ ಎರಡು ಹೊತ್ತು ಅವಳ ಗಲ್ಲ ಹಿಡಿದು ನಾನೇ ಹಲ್ಲುಜ್ಜುತ್ತೇನೆ, ಬಾಯಿ ತೆರೆಸಿ ಬೆಳಕಿಗೆ ಹಿಡಿದು ನೋಡುತ್ತೇನೆ. ತವರಿಗೆ ಹೋದರೆ ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್ಸು. ಮಧುಗಿರಿಯಲ್ಲಿ ಬಸ್ ಬದಲಾಯಿಸಿ, ಮಿಡಿಗೇಶಿ ದಾಟಿ ಹೋಗುವಾಗ ಚೀಲದಲ್ಲಿ ಸಿರಾದ ಮನೆಯ ನೀರಿನ ಎರಡು ಬಾಟಲಿ. ಯಾಕೆಂದು ಅಮ್ಮ ಒಂದು ದಿನವೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಈ ಬೇಸಿಗೆಯಲ್ಲಿ ಹೋದೆವು. ಮಗಳಿಗೀಗ ಏಳು, ಮುಂದಿನ ಎರಡು ಹಾಲುಹಲ್ಲು ಬಿದ್ದು ಹೊಸ ಹಲ್ಲು ಇಣುಕುತ್ತಿವೆ. ಬೀದಿಯಲ್ಲಿ ಆಡಿ, ಮುಖ ಕೆಂಪಗೆ ಮಾಡಿಕೊಂಡು ಓಡಿ ಬಂದಳು. ಅಮ್ಮ ಒಳಗಿಂದ ಚೊಂಬಿನಲ್ಲಿ ನೀರು ತಂದು ಅವಳ ಕೈಗಿಟ್ಟಳು. ಮಗಳು ಬಾಯಿಗೆ ಎತ್ತಿದಳು. ನನಗೇನಾಯಿತೋ, ಎದ್ದವಳೇ ಚೊಂಬು ಕಿತ್ತುಕೊಂಡೆ. ಅರ್ಧ ನೀರು ಅಮ್ಮನ ಸೀರೆಯ ಮೇಲೆ ಚೆಲ್ಲಿತು.

"ಅಜ್ಜಿ, ನಿಮ್ಮನೆ ನೀರು ಕುಡಿದ್ರೆ ಹಲ್ಲು ಗಲೀಜಾಗುತ್ತಂತೆ" ಅಂದಳು ಮಗಳು. ಜಾಣೆ. ನಾನೇ ಹೇಳಿಕೊಟ್ಟ ಪಾಠ.

ಅಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಮಗಳ ಎದುರು, ಮೊಮ್ಮಗಳ ಎದುರು, ತನ್ನ ಮನೆಯಲ್ಲೇ.

"ಬೋರಿನ ನೀರು ಅಲ್ಲ ಕಣಮ್ಮಾಯ್," ಅಂದಳು ಸೆರಗಿನ ಹಿಂದಿನಿಂದ. "ಫಿಲ್ಟರ್ ನೀರು. ಮಗೂಗೇ ಅಂತ ಕ್ಯಾನ್‌ನಾಗೆ ತಂದಿಟ್ಟಿವ್ನಿ. ನೀನು ಬರೋ ದಿನ ಎಲ್ಲಾ ತಂದಿಡ್ತೀನಿ. ನೀನು ಬಾಟ್ಲಿ ತೆಗೀತೀಯಲ್ಲ, ಅದಕ್ಕೇ ಕೊಡ್ತಿರ್ಲಿಲ್ಲ."

ಅಡುಗೆಮನೆಯ ಮೂಲೆಯಲ್ಲಿ ನೀಲಿ ಕ್ಯಾನ್ ಇತ್ತು. ಐದು ವರ್ಷ ನಾನು ಆ ಕಡೆ ಕಣ್ಣೆತ್ತಿ ನೋಡಿರಲಿಲ್ಲ. ಚೊಂಬನ್ನು ಮತ್ತೆ ತುಂಬಿಸಿ, ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, "ಕುಡಿಯಮ್ಮ, ಏನೂ ಆಗಲ್ಲ, ಅಜ್ಜಿ ತಂದಿರೋದು" ಅಂದೆ.

ಮಗಳು ಚೊಂಬು ನೋಡಿದಳು, ಅಜ್ಜಿಯ ಮುಖ ನೋಡಿದಳು. ಆಮೇಲೆ ತುಟಿ ಬಿಗಿದುಕೊಂಡು ಬೇಡ ಎಂದು ತಲೆಯಾಡಿಸಿದಳು.